ಹಳೆಯ ಗಾಡಿಗೆ ಹೊಸ ಕಡೆಗೀಲು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ರಿಪೇರಿಯ ಮಾತೇ ಎಂದು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬೇರಿಸಬಹುದು. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾಗಸೇನನೂ ಮಿಲಿಂದರಾಜನೂ ರಥದ ವಿಷಯವಾಗಿ ನಡೆಸಿದ ಸಂವಾದವನ್ನು ಕೇಳಿದವರು ಮಾತ್ರ ಹಾಗೆ ಮಾಡಲಾರರು. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಒಂದೊಂದನ್ನೂ ಬೇರೆಬೇರೆಯಾಗಿ ಎತ್ತಿ ನೋಡಿದರೆ ರಥವೆಂಬುದು ಎಲ್ಲಿಯೂ ಕೈಗೆ ಸಿಕ್ಕುವುದಿಲ್ಲವೆಂದು ತೋರಿಸಿ ಆ ಭಿಕ್ಷು ಅರಸನನ್ನು ನಿರುತ್ತರಗೊಳಿಸಿದ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಈ ಪ್ರಶ್ನೆಯನ್ನು ಇಂದಿಗೂ ಬಿಡದೆ ಕೇಳಿಕೊಳ್ಳುತ್ತಿರುವವರು ಯಾರೆಂದರೆ, ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಸಾಕಿಕೊಂಡಿರುವ ಜನ. ಕಾರನ್ನು ಕಟ್ಟಿದ ಕಾರ್ಖಾನೆ ಮುಚ್ಚಿಹೋಗಿದೆ, ಭಾಗವೊಂದು ಸವೆದಿದೆ, ಇನ್ನಾರೋ ತಯಾರಿಸಿದ ಭಾಗ ಅಂಗಡಿಯಲ್ಲಿ ಸಿಕ್ಕುತ್ತದೆ. ಹಾಕಬಹುದೇ? ಹಾಕಿದರೆ ಕಾರು ಅದೇ ಕಾರೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಕಬೇಕು. ಆದರೆ ಏನನ್ನು ಹಾಕುತ್ತಿದ್ದೇವೆಂಬುದನ್ನು ತಿಳಿದು ಹಾಕಬೇಕು, ಹಾಕಿದ್ದನ್ನು ಬರೆದಿಡಬೇಕು, ಕಾರನ್ನು ಮಾರುವ ದಿನ ಬಂದಾಗ ಕೊಳ್ಳುವವನಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ರಿಪೇರಿಯ ಸಾಲಿನಿಂದ ಜಾರಿ ಮೋಸದ ಸಾಲಿಗೆ ಸೇರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಾರನ್ನು ಎದುರಿಗಿಟ್ಟುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ. ಇಬ್ಬರಿಗೆ ಸಾಲುವಷ್ಟು ಜಾಗ, ಮಡಚುವ ಬಟ್ಟೆಯ ಮಾಡು, 1798 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಬಹುಪಾಲು ಕಾರುಗಳಲ್ಲಿ ಜೋಡಿ ಎಸ್‌ಯು ಕಾರ್ಬುರೇಟರು. ರಾಜಮಹಾರಾಜರಿಗೆಂದು ಮಾಡಿದ ವಾಹನವೇನೂ ಅಲ್ಲ. ಸಂಬಳದ ಜನರೂ ಕೊಳ್ಳಬಹುದಾಗಿದ್ದ ಕಾರು. ಮುಚ್ಚಿದ ಮಾಡಿನ ಜಿಟಿ ಮಾದರಿಯೂ ಸೇರಿದರೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಹೆಚ್ಚಿನವು ಹಡಗು ಹತ್ತಿ ಅಮೆರಿಕಕ್ಕೆ ಹೋದವು. 1980ರ ಅಕ್ಟೋಬರಿನಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಎಂಜಿ ಎಂಬ ಹೆಸರೇನೋ ಸಾಯಲಿಲ್ಲ. ಅದು ಕೈಯಿಂದ ಕೈಗೆ ದಾಟಿ ಚೀನಾದ ಕಂಪನಿಯೊಂದನ್ನು ಸೇರಿ, ನಮ್ಮ ಗುಜರಾತಿನ ಹಾಲೋಲಿನಲ್ಲಿಯೂ ಆ ಹೆಸರಿನ ಹೊಸ ಕಾರುಗಳು ತಯಾರಾಗುತ್ತಿವೆ. ಆ ಕಾರುಗಳ ಮಳಿಗೆಗೆ ಹೋಗಿ 1965ರ ಎಂಜಿಬಿಗೆ ಒಂದು ವಾಷರು ಕೊಡಿರೆಂದರೆ ಏನಾದೀತೆಂಬುದನ್ನು ವಾಚಕರ ಊಹೆಗೆ ಬಿಡುತ್ತೇನೆ.

ನಮ್ಮ ನಾಡಿಗೂ ಈ ಎಂಜಿನ್ನಿಗೂ ದೂರದ ನಂಟೊಂದಿದೆ. ಎಂಜಿಬಿಯ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಬ ವಂಶದ್ದು. ಅದಕ್ಕಿಂತ ಹಿಂದಿನ ಎಂಜಿಎ ಕಾರಿನಲ್ಲಿ 1955ರಲ್ಲಿ ಬಂದದ್ದು ಅದೇ ವಂಶದ 1489 ಸಿ.ಸಿ. ಎಂಜಿನ್. 1489 ಎಂಬ ಸಂಖ್ಯೆ ನಮ್ಮ ಹಳೆಯ ಟ್ಯಾಕ್ಸಿ ಚಾಲಕರಿಗೆ ಬಾಯಿಪಾಠವಾಗಿರಬೇಕು. ನಮ್ಮ ಅಂಬಾಸಡರಿನ ಪೆಟ್ರೋಲು ಎಂಜಿನ್ ಕೂಡ ಅದೇ ಬಿ-ಸೀರೀಸ್. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಲ್ಲುವತನಕ ಆ ಕಾರು ನಮ್ಮ ತಹಶೀಲ್ದಾರರನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತು ತಿರುಗಿತು. ಅಂಬಾಸಡರಿನ ವಾಲ್ವು ಅರೆದ ನಮ್ಮ ಮೆಕ್ಯಾನಿಕ್ಕುಗಳು, ತಮಗರಿವಿಲ್ಲದೆಯೇ, ಒಂದು ಸ್ಪೋರ್ಟ್ಸ್ ಕಾರಿನ ದಾಯಾದಿಯ ಮೈ ಮುಟ್ಟಿದವರು.

ಅಂಥ ಮೆಕ್ಯಾನಿಕ್ಕಿನೊಡನೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಪ್ರಶ್ನೆ, “ಒರಿಜಿನಲ್ ಕೊಡಲೋ, ಡೂಪ್ಲಿಕೇಟ್ ಕೊಡಲೋ?” ಈ ಮಾತಿನ ಬಗೆಗೇ ನನ್ನ ತಕರಾರು. ಡೂಪ್ಲಿಕೇಟ್ ಎಂಬ ಒಂದೇ ಬುಟ್ಟಿಗೆ ನಾವು ಎರಡು ಬೇರೆಬೇರೆ ಪದಾರ್ಥಗಳನ್ನು ಸುರಿದಿದ್ದೇವೆ. ಇನ್ನೊಬ್ಬನ ಹೆಸರನ್ನೂ ಮುದ್ರೆಯನ್ನೂ ಕದ್ದು ಮಾರುವ ಖೋಟಾ ಮಾಲು ಒಂದು. ತನ್ನದೇ ಹೆಸರಿಟ್ಟುಕೊಂಡು, ಆ ಕಾರಿಗೆ ಹೊಂದುವಂತೆ ಬೇರೊಬ್ಬ ತಯಾರಕ ರಾಜಾರೋಷವಾಗಿ ಮಾಡಿದ ಬದಲಿ ಭಾಗ ಇನ್ನೊಂದು. ಮೊದಲನೆಯದು ಅಪರಾಧ, ಎರಡನೆಯದು ವ್ಯಾಪಾರ, ಅದರಲ್ಲಿ ಒಳ್ಳೆಯದೂ ಉಂಟು ಕೆಟ್ಟದ್ದೂ ಉಂಟು. ಒರಿಜಿನಲ್ ಎಂಬ ಮಾತೂ ಅಷ್ಟು ಸರಳವಾದದ್ದಲ್ಲ. ಆಬಿಂಗ್‌ಡನ್ನಿನಲ್ಲಿ ನಡೆಯುತ್ತಿದ್ದುದು ಜೋಡಣೆಯ ಕೆಲಸ. ಮೈ ಬೇರೊಂದು ಊರಿನಿಂದ ಬರುತ್ತಿತ್ತು, ವಿದ್ಯುತ್ತಿನ ಸಾಮಾನು ಲೂಕಾಸಿನದು, ಬ್ರೇಕು ಲಾಕ್‌ಹೀಡಿನದು. ಕಾರಿನ ಕಂಪನಿಯೇ ಕೈಯಾರೆ ಮಾಡಿದ್ದು ಮಾತ್ರ ಒರಿಜಿನಲ್ ಎಂದು ಹಟ ಹಿಡಿದರೆ ಹೊಸ ಕಾರಿನಲ್ಲಿಯೇ ಅರ್ಧದಷ್ಟು ಸಾಮಾನು ಆ ಪರೀಕ್ಷೆಯಲ್ಲಿ ನಪಾಸಾಗುತ್ತಿತ್ತು.

ಈಗ ಒಂದು ಚಿಕ್ಕ ತುಂಡಿನ ಕಥೆಗೆ ಬರುತ್ತೇನೆ. ಇಡೀ ವಿವಾದವೆಲ್ಲ ಅದರೊಳಗೆ ಅಡಗಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ನಟ್ಟನಡುವೆ ಹೆಬ್ಬೆರಳಿನಷ್ಟು ಗಾತ್ರದ ಒಂದು ವಸ್ತು ಕೂತಿರುತ್ತದೆ. ಅದಕ್ಕೆ ರೋಟರ್ ಎಂದು ಹೆಸರು. ಎಂಜಿನ್ ಎರಡು ಸುತ್ತು ಸುತ್ತುವಾಗ ಅದು ಒಂದು ಸುತ್ತು ಸುತ್ತುತ್ತದೆ. ಕಾಯಿಲಿನಿಂದ ಬರುವ ಸಾವಿರಾರು ವೋಲ್ಟಿನ ವಿದ್ಯುತ್ತನ್ನು ನಾಲ್ಕು ಪ್ಲಗ್ಗುಗಳಿಗೂ ಸರದಿಯಂತೆ ಮುಟ್ಟಿಸುವುದು ಅದರ ಕೆಲಸ, ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಬಡಿಸುತ್ತ ಹೋಗುವವನ ಹಾಗೆ. ಮೇಲೆ ಹಿತ್ತಾಳೆಯ ಒಂದು ಪಟ್ಟಿ. ಕೆಳಗೆ ವಿದ್ಯುತ್ತು ಹರಿಯದಂಥ ಪದಾರ್ಥದ ದೇಹ. ಆ ದೇಹದೊಳಗೆ ಡಿಸ್ಟ್ರಿಬ್ಯೂಟರಿನ ಉಕ್ಕಿನ ದಂಡವನ್ನು ಕಚ್ಚಿ ಹಿಡಿಯುವ ಒಂದು ಸ್ಪ್ರಿಂಗು. ಹಿತ್ತಾಳೆಯ ಪಟ್ಟಿಯನ್ನು ದೇಹಕ್ಕೆ ಬಿಗಿಯಲು ಒಂದು ರಿವೆಟ್ಟು.

ಲಕ್ಷಗಟ್ಟಲೆ ಕಾರುಗಳಿದ್ದಲ್ಲಿ ಲಕ್ಷಗಟ್ಟಲೆ ರೋಟರು ಬೇಕು. ಬೇಡಿಕೆಯಿದ್ದಲ್ಲಿ ಹತ್ತು ಜನ ತಯಾರಕರು. ಹತ್ತು ಜನರಿದ್ದಲ್ಲಿ ಬೆಲೆಯ ಪೈಪೋಟಿ. ಪೈಪೋಟಿಯಿದ್ದಲ್ಲಿ ಮಾಲು ತೆಳ್ಳಗಾಗುವುದು ಲೋಕರೂಢಿ. ಅಗ್ಗದ ರೋಟರುಗಳಲ್ಲಿ ಆ ರಿವೆಟ್ಟಿನ ತುದಿ ಒಳಗಿನ ಸ್ಪ್ರಿಂಗಿಗೆ ತೀರ ಸಮೀಪ ಬಂತು; ನಡುವೆ ಉಳಿದ ಪದಾರ್ಥವೂ ಕಳಪೆಯಾಯಿತು. ಪರಿಣಾಮವೇನು? ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ತು ದೇಹವನ್ನು ತೂತು ಮಾಡಿಕೊಂಡು ನೇರವಾಗಿ ಉಕ್ಕಿನ ದಂಡಕ್ಕೆ ಇಳಿದುಬಿಡುತ್ತದೆ. ಆ ತೂತು ಬರಿಯ ಕಣ್ಣಿಗೆ ಕಾಣುವುದೇ ಕಷ್ಟ. ಎಂಜಿನ್ ಮೊದಲು ಕೆಮ್ಮುತ್ತದೆ, ಆಮೇಲೆ ನಿಂತುಹೋಗುತ್ತದೆ. ಸಾಮಾನ್ಯವಾಗಿ ಇದಾಗುವುದು ಎಂಜಿನ್ ಚೆನ್ನಾಗಿ ಕಾದಮೇಲೆ, ಊರಿಂದ ದೂರದಲ್ಲಿ. ಚಾಲಕ ಪೆಟ್ರೋಲು ನೋಡುತ್ತಾನೆ, ಕಾರ್ಬುರೇಟರು ಬಿಚ್ಚುತ್ತಾನೆ, ಪಾಯಿಂಟು ಉಜ್ಜುತ್ತಾನೆ. ಮೊನ್ನೆಯಷ್ಟೇ ಹೊಸದಾಗಿ ಹಾಕಿದ ರೋಟರಿನ ಮೇಲೆ ಮಾತ್ರ ಅವನಿಗೆ ಸಂಶಯ ಬರುವುದಿಲ್ಲ, ಹೊಸದಲ್ಲವೇ! ಅದರ ನೆರೆಮನೆಯ ಕಂಡೆನ್ಸರಿನ ಕಥೆಯೂ ಹೆಚ್ಚುಕಡಮೆ ಇದೇ. ಹಳೆಯ ಬ್ರಿಟಿಷ್ ಕಾರುಗಳನ್ನು ಬಲ್ಲವರು ಹೊಸ ಕಂಡೆನ್ಸರು ಹಾಕಿದಾಗ ತೆಗೆದ ಹಳೆಯದನ್ನು ಬಿಸಾಡದೆ ಡಿಕ್ಕಿಯಲ್ಲಿಟ್ಟುಕೊಂಡು ಹೋಗುವುದು ಸುಮ್ಮನೆ ಬಂದ ರೂಢಿಯಲ್ಲ.

ಇಷ್ಟನ್ನು ಕೇಳಿದ ಶುದ್ಧಾಚಾರದವರು “ನೋಡಿದಿರಾ, ಅದಕ್ಕೇ ಒರಿಜಿನಲ್ಲೇ ಬೇಕೆನ್ನುವುದು” ಎಂದು ಮೀಸೆ ತಿರುವುತ್ತಾರೆ. ಸ್ವಲ್ಪ ತಾಳಬೇಕು. ಈ ರೋಗಕ್ಕೆ ಮದ್ದು ಬಂದದ್ದೆಲ್ಲಿಂದ? ಮುಚ್ಚಿಹೋದ ಕಾರ್ಖಾನೆಯಿಂದಂತೂ ಅಲ್ಲ. ರೋಗದ ಮೂಲವನ್ನು ಅರಿತ ಕೆಲವು ಸಣ್ಣ ತಯಾರಕರು ರಿವೆಟ್ಟನ್ನೇ ಕಿತ್ತುಹಾಕಿ, ಹಿತ್ತಾಳೆಯನ್ನು ಒಳ್ಳೆಯ ಪದಾರ್ಥದಲ್ಲಿ ಸೇರಿಸಿ ಎರಕ ಹೊಯ್ದು, ಕೆಂಪು ಬಣ್ಣದ ಒಂದು ರೋಟರನ್ನು ತಂದರು. ಅದೂ ಬದಲಿ ಭಾಗವೇ, ನಮ್ಮ ಅಂಗಡಿಯವನ ಭಾಷೆಯಲ್ಲಿ ಡೂಪ್ಲಿಕೇಟೇ. ಕೆಟ್ಟ ಬದಲಿ ಭಾಗವನ್ನು ಸೋಲಿಸಿದ್ದು ಒಳ್ಳೆಯ ಬದಲಿ ಭಾಗ. ಎರಡಕ್ಕೂ ಬೆಲೆಯಲ್ಲಿ ಇರುವ ಅಂತರ ಹೋಟೆಲಿನ ಒಂದು ಹೊತ್ತಿನ ಊಟದಷ್ಟು. ಆ ಅಂತರವನ್ನು ಉಳಿಸಲು ಹೋಗಿ ಟೋಯಿಂಗ್ ಗಾಡಿಗೆ ದಕ್ಷಿಣೆ ಕೊಡುವವರಿಗೆ ಏನೆನ್ನೋಣ?

ಇಲ್ಲಿ ಡಬ್ಬಿಯ ಮೇಲಿನ ಹೆಸರನ್ನು ನಂಬಿ ಕುಳಿತರೂ ಆಗದು. ಹಿಂದೆ ದೊಡ್ಡದಾಗಿದ್ದ ಕಂಪನಿಗಳ ಹೆಸರುಗಳು ಮಾರಾಟವಾಗಿ, ಬಾಡಿಗೆಗೆ ಹೋಗಿ, ಈಗ ಯಾವಯಾವುದೋ ದೇಶದಲ್ಲಿ ತಯಾರಾದ ಮಾಲಿನ ಮೇಲೆ ಅಂಟಿಕೊಂಡಿವೆ. ಅದು ಕಾನೂನುಬದ್ಧವೇ ಇರಬಹುದು. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಕಟ್ಟಿದವರಿಗೆ ಇದು ಮೊದಲೇ ಹೊಳೆದಿರಬೇಕು. ಕೊಳ್ಳುವವನು ಕೇಳಬೇಕಾದದ್ದು ಈಗ ಇದನ್ನು ಯಾರು, ಯಾವುದರಿಂದ ಮಾಡಿದ್ದಾರೆ, ಕೆಟ್ಟರೆ ಯಾರು ಉತ್ತರ ಹೇಳುತ್ತಾರೆ ಎಂಬುದನ್ನು.

ಶುದ್ಧಾಚಾರದವರಿಗೆ ಇನ್ನೊಂದು ಪ್ರೀತಿಯ ವಸ್ತುವಿದೆ. ಹಳೆಯ ಕಾಲದಲ್ಲಿಯೇ ತಯಾರಾಗಿ, ಡಬ್ಬಿ ಒಡೆಯದೆ, ಎಲ್ಲಿಯೋ ಅಟ್ಟದ ಮೇಲೆ ಉಳಿದುಬಂದ ಭಾಗಗಳು. ಕಂಡರೆ ಕಣ್ಣಿಗೊತ್ತಿಕೊಳ್ಳುವಂತಿರುತ್ತವೆ, ಬೆಲೆಯೂ ಹಾಗೆಯೇ. ಗೇರಿನ ಹಲ್ಲಿನ ಚಕ್ರವೋ ಉಕ್ಕಿನ ದಂಡವೋ ಆದರೆ ಧಾರಾಳವಾಗಿ ಕೊಳ್ಳಲಿ. ರಬ್ಬರಾದರೆ? ರಬ್ಬರು ಡಬ್ಬಿಯೊಳಗೆ ಕೂತೂ ಮುದಿಯಾಗುತ್ತದೆ. ನಲವತ್ತು ವರ್ಷದ ಬ್ರೇಕಿನ ಹೋಸು ಮುದ್ರೆಯೊಡೆಯದ ಡಬ್ಬಿಯಿಂದ ಬಂದರೂ ನಲವತ್ತು ವರ್ಷದ ಹೋಸೇ. ಬ್ರೇಕಿನ ಪ್ಯಾಡುಗಳ ವಿಷಯವಂತೂ ಇನ್ನೂ ಘೋರ. ಆ ಕಾಲದ ಪ್ಯಾಡು, ಲೈನಿಂಗುಗಳಲ್ಲಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂಬುದು ಲೋಕಕ್ಕೆ ತಿಳಿದು, ಬ್ರಿಟನ್ 1999ರಲ್ಲಿ ಅದನ್ನು ಪೂರ್ತಿಯಾಗಿ ನಿಷೇಧಿಸಿತು. ಬ್ರೇಕಿನ ಡ್ರಮ್ಮನ್ನು ಬಿಚ್ಚಿ ಬಾಯಿಂದ ಉಫ್ ಎಂದು ಧೂಳು ಊದುವ ಮೆಕ್ಯಾನಿಕ್ಕು ನಮ್ಮ ಬೀದಿಗಳಲ್ಲಿ ಇಂದಿಗೂ ಉಂಟು. ಒರಿಜಿನಲ್ ಪ್ಯಾಡು ಹಾಕಿದೆನೆಂದು ಬೀಗುವ ಮಾಲೀಕ ಬೆಲೆ ಕೊಡುತ್ತಿರುವುದು ಆ ಬಡವನ ಉಸಿರಿನಿಂದ.

ಇನ್ನು ಕಾರಿನ ಮೈಯ ವಿಷಯ. ಎಂಜಿಬಿಗೆ ಪ್ರತ್ಯೇಕ ಚಾಸಿಯಿಲ್ಲ, ಮೈಯೇ ಎಲುಬು. ಮಾಡಿಲ್ಲದ ಕಾರಾದ್ದರಿಂದ ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ಇರುವ ನಂಟೆಲ್ಲ ನೆಲದ ನಡುವಿನ ಉಬ್ಬಿನ ಮೇಲೂ, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಎರಡು ಉಕ್ಕಿನ ಪೆಟ್ಟಿಗೆಗಳ ಮೇಲೂ ನಿಂತಿದೆ. ಈ ಪೆಟ್ಟಿಗೆಗಳನ್ನು ನಾವು ಹೊಸ್ತಿಲು ಎಂದರೆ ತಪ್ಪಾಗದು. ಇಂಗ್ಲೆಂಡಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎರಡೂ ಸೇರಿ ಹೊಸ್ತಿಲನ್ನು ಒಳಗಿನಿಂದ ತಿನ್ನುತ್ತವೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ತುಕ್ಕಿನ ಹಪ್ಪಳ. ಇದಕ್ಕೆ ಪೇಟೆಯಲ್ಲಿ ಎರಡು ಬಗೆಯ ಚಿಕಿತ್ಸೆಗಳಿವೆ. ತುಕ್ಕು ಹಿಡಿದದ್ದನ್ನೆಲ್ಲ ಗಟ್ಟಿ ಲೋಹ ಸಿಕ್ಕುವತನಕ ಕತ್ತರಿಸಿ ತೆಗೆದು, ಒಳಪದರ ಹೊರಪದರಗಳೆಲ್ಲವನ್ನೂ ಹೊಸ ತಗಡಿನಿಂದ ಕಟ್ಟಿ ಬೆಸೆಯುವುದು ಒಂದು. ಹಳೆಯದರ ಮೇಲೆ ಒಂದು ತೆಳು ತಗಡನ್ನು ಹೊದಿಸಿ, ಅಂಚು ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆಯುವುದು ಇನ್ನೊಂದು. ಎರಡನೆಯದು ಹುಣ್ಣಿನ ಮೇಲೆ ರೇಷ್ಮೆ ಶಾಲು ಹೊದಿಸಿದಂತೆ. ಒಳಗೆ ತುಕ್ಕು ನಿಶ್ಚಿಂತೆಯಾಗಿ ತಿನ್ನುತ್ತಲೇ ಇರುತ್ತದೆ. ಕಾರು ಎಲ್ಲಿಯಾದರೂ ಗುದ್ದಿದ ದಿನ ಹೊಸ್ತಿಲು ಮಡಚಿಕೊಳ್ಳುತ್ತದೆ. ಅದರ ನಡುವೆ ಕೂತಿರುವವರು ಇಬ್ಬರು ಮನುಷ್ಯರು.

ಸರಿಯಾದ ದಾರಿ ಹಿಡಿದವರಿಗೂ ಒಂದು ಎಚ್ಚರಿಕೆ ಬೇಕು. ಮನೆಯ ತೊಲೆ ಬದಲಿಸುವಾಗ ಊರೆಗೋಲು ಕೊಡುವಂತೆ, ಹೊಸ್ತಿಲನ್ನು ಕತ್ತರಿಸುವ ಮೊದಲು ಕಾರಿನ ಮೈಗೆ ತಕ್ಕ ಆಧಾರ ಕೊಟ್ಟು, ಬಾಗಿಲ ಚೌಕಕ್ಕೆ ಅಡ್ಡಪಟ್ಟಿ ಬೆಸೆದು ನಿಲ್ಲಿಸಬೇಕು. ಇಲ್ಲವಾದರೆ ಮೈ ನಡುವಿನಲ್ಲಿ ಬಾಗುತ್ತದೆ. ಬಾಗಿದಂತೆಯೇ ಹೊಸ ಹೊಸ್ತಿಲನ್ನು ಬೆಸೆದುಬಿಟ್ಟರೆ ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಹಾಕಿಕೊಳ್ಳುವುದಿಲ್ಲ. ಹಳೆಯ ಎಂಜಿಬಿ ಕೊಳ್ಳಹೋದವರು ಮೊದಲು ನೋಡುವುದು ಬಾಗಿಲಿಗೂ ಮೈಗೂ ನಡುವಿನ ಸಂದು ಮೇಲಿಂದ ಕೆಳಕ್ಕೆ ಒಂದೇ ಅಗಲವಿದೆಯೇ ಎಂಬುದನ್ನು.

ತುಕ್ಕಿನೊಡನೆ ಈ ಹೋರಾಟ ಸಾಕಾಗಿ 1988ರಲ್ಲಿ ಒಂದು ವಿಚಿತ್ರ ನಡೆಯಿತು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ, ಅಳಿದುಳಿದಿದ್ದ ಹಳೆಯ ಅಚ್ಚುಗಳನ್ನೇ ಹುಡುಕಿ ಕೂಡಿಸಿ, ಎಂಜಿಬಿಯ ಇಡಿಯ ಮೈಯನ್ನು ಹೊಸದಾಗಿ ತಯಾರಿಸಿ ಮಾರತೊಡಗಿತು. ಕಾರು ನಿಂತು ಎಂಟು ವರ್ಷವಾದಮೇಲೆ ಅದರ ಮೈ ಮತ್ತೆ ಹುಟ್ಟಿತು! 1990ರ ದಶಕದ ಆರಂಭದಲ್ಲಿ ರೋವರ್ ಕಂಪನಿ ಅದೇ ಮೈಯನ್ನು ಆಧಾರವಾಗಿಟ್ಟುಕೊಂಡು ಎಂಜಿ ಆರ್‌ವಿ8 ಎಂಬ ಕಾರನ್ನೇ ಹೊರತಂದಿತು. ತಯಾರಾದ ಸುಮಾರು ಎರಡು ಸಾವಿರದಲ್ಲಿ ಹೆಚ್ಚಿನವು ಜಪಾನಿಗೆ ಹೋದವು. ಹಳೆಯ ಎಂಜಿನ್ನು, ಗೇರ್‌ಬಾಕ್ಸು, ಚಕ್ರಗಳನ್ನೆಲ್ಲ ಇಂಥ ಹೊಸ ಮೈಗೆ ವರ್ಗಾಯಿಸಿದರೆ ಕಾರು ಹಳೆಯದೋ ಹೊಸದೋ? ಬ್ರಿಟನ್ನಿನ ವಾಹನ ನೋಂದಣಿ ಕಚೇರಿ ಬಹುಕಾಲ ಇದಕ್ಕೊಂದು ಅಂಕಗಳ ಲೆಕ್ಕವನ್ನು ಇಟ್ಟುಕೊಂಡಿತ್ತು. ಬಹಳವಾಗಿ ಬದಲಾದ ಕಾರು ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬೇಕಾದರೆ 8 ಅಂಕ ಬೇಕು. ಚಾಸಿ ಅಥವಾ ಮೈಗೆ 5, ಗೇರ್‌ಬಾಕ್ಸಿಗೆ, ಸ್ಟಿಯರಿಂಗಿಗೆ, ಅಚ್ಚುಗಳಿಗೆ, ಸಸ್ಪೆನ್ಷನ್ನಿಗೆ ಎರಡೆರಡು. ಎಂಜಿನ್ನಿಗೆ ಒಂದೇ ಒಂದು. ಎಂಜಿನ್ನನ್ನೇ ಕಾರಿನ ಪ್ರಾಣವೆಂದು ತಿಳಿದವರಿಗೆ ಇದು ಅನ್ಯಾಯವೆನಿಸೀತು. ನನಗೇನೋ ಮೆಚ್ಚಿಗೆಯಾಯಿತು. ಮೂಲದಂತೆಯೇ ಇರುವ ಹೊಸ ಮೈಗೂ ಆ 5 ಅಂಕ ಸಲ್ಲುತ್ತಿತ್ತೆಂಬುದು ಇನ್ನೂ ಮೆಚ್ಚತಕ್ಕ ಮಾತು.

ನ್ಯಾಯಾಲಯವೂ ಒಮ್ಮೆ ನಾಗಸೇನನ ಪೀಠದಲ್ಲಿ ಕುಳಿತದ್ದುಂಟು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು 1929ರಲ್ಲಿಯೂ 1930ರಲ್ಲಿಯೂ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದಿತ್ತು. ಆಮೇಲೆ ಪಂದ್ಯದಿಂದ ಪಂದ್ಯಕ್ಕೆ ಅದರ ಭಾಗಗಳು ಬದಲಾಗುತ್ತ ಹೋದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನ ಅಪಘಾತದಲ್ಲಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡ. ಕಾರನ್ನು ಮತ್ತೆ ಕಟ್ಟಿದರು. 1990ರಲ್ಲಿ ಒಂದು ಕೋಟಿ ಪೌಂಡಿಗೆ ಮಾರಾಟದ ಮಾತಾಗಿ, ಕೊಳ್ಳುವವರು ಇದು ಆ ಕಾರೇ ಅಲ್ಲವೆಂದು ಹಿಂದೆ ಸರಿದಾಗ ವಿಷಯ ಲಂಡನ್ನಿನ ಹೈಕೋರ್ಟಿಗೆ ಹೋಯಿತು. 1929ರ ಕಾರಿನ ಭಾಗಗಳಲ್ಲಿ ಉಳಿದದ್ದು ಹೆಚ್ಚುಕಡಮೆ ಶೂನ್ಯವೆಂದು ಕಂಡರೂ, ಈ ಕಾರಿನ ಚರಿತ್ರೆ ಎಲ್ಲಿಯೂ ಕಡಿದಿಲ್ಲ, ಇದರ ಜಾಗದಲ್ಲಿ ಇನ್ನೊಂದು ಕಾರು ಬಂದು ನಿಂತಿಲ್ಲ, ಆದಕಾರಣ ಇದೇ ‘ಓಲ್ಡ್ ನಂಬರ್ ಒನ್’ ಎಂದು ನ್ಯಾಯಮೂರ್ತಿ ಆಟನ್ ತೀರ್ಪಿತ್ತರು. ನಮ್ಮ ಹಳ್ಳಿಗರಿಗೆ ಈ ತೀರ್ಪಿನಲ್ಲಿ ಹೊಸತೇನೂ ಕಾಣದು. ಗಾಲಿ ಬದಲಾಗಿ, ಅಚ್ಚು ಬದಲಾಗಿ, ತೊಲೆಗಳೆಲ್ಲ ಬದಲಾದರೂ ರಥಸಪ್ತಮಿಯ ದಿನ ಊರವರು ಎಳೆಯುವುದು ಅಜ್ಜಂದಿರು ಎಳೆದ ತೇರನ್ನೇ. ಆದರೆ ಗಾಲಿ ಬದಲಿಸಿದ್ದು ಊರಿಗೆಲ್ಲ ಗೊತ್ತಿರುತ್ತದೆ. ಯಾವ ವರ್ಷ, ಯಾವ ಮರ, ಯಾವ ಆಚಾರಿ ಎಂಬುದು ಸಹ. ಕಾರಿನ ಮಾಲೀಕ ಒಂದು ಪುಸ್ತಕವನ್ನಿಟ್ಟು ತಾರೀಖು, ಭಾಗ, ತಯಾರಕ, ಕೆಲಸ ಮಾಡಿದವರು ಎಂದು ಬರೆಯಬೇಕೆಂದೂ, ತೆಗೆದ ಹಳೆಯ ಭಾಗವನ್ನು ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಬೇಕೆಂದೂ ನಾನು ಹೇಳುವುದು ಇದಕ್ಕಾಗಿಯೇ.

ಸುಧಾರಣೆಯ ಹೆಸರಿನಲ್ಲಿ ಬರುವ ಭಾಗಗಳ ಬಗೆಗೆ ಎರಡು ಮಾತು ಸಾಕು. ಪಾಯಿಂಟಿಗೆ ಬದಲಾಗಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಅಡಗಿ ಕೂರುವ ಎಲೆಕ್ಟ್ರಾನಿಕ್ ಸಾಧನವನ್ನು ನಾನು ವಿರೋಧಿಸುವುದಿಲ್ಲ. ಬೇಡವೆನಿಸಿದ ದಿನ ಅರ್ಧ ಗಂಟೆಯಲ್ಲಿ ಹಿಂದಕ್ಕೆ ಬದಲಿಸಬಹುದು. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಮೈಗೆ ಕಟ್ಟಿದ್ದರು, ಈಗಿನ ಕಾರುಗಳಿಗೆ ತಿರುಗಾಮುರುಗಾ. ಇದನ್ನು ಗಮನಿಸದೆ ತಂತಿ ಕೊಟ್ಟರೆ ಸಾಧನ ಸುಟ್ಟುಹೋಗುತ್ತದೆ. ಸಸ್ಪೆನ್ಷನ್ನಿಗೆ ರಬ್ಬರಿನ ಬದಲು ಪಾಲಿಯುರಿಥೇನ್ ಬುಷ್ಷು ಹಾಕಿದರೆ ಬಾಳಿಕೆ ಹೆಚ್ಚು, ಜೊತೆಗೆ ಕಿರಿಕಿರಿ ಸದ್ದೂ ಹೆಚ್ಚು, ಬೆನ್ನಿಗೆ ಪೆಟ್ಟೂ ಹೆಚ್ಚು. ಮೈಯನ್ನು ಕತ್ತರಿಸಿ ಕೂರಿಸಬೇಕಾದ ಯಾವ ಸುಧಾರಣೆಯೂ ನನಗೆ ಸಮ್ಮತವಲ್ಲ.

ನಮ್ಮ ದೇಶದಲ್ಲಿ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನಂಬರು ಕೊಡುವ ಏರ್ಪಾಡು ಬಂದಿದೆ. ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು ಎಂಬುದು ಷರತ್ತು. ಉದ್ದೇಶ ಒಳ್ಳೆಯದೇ. ಆದರೆ ತುಕ್ಕು ಹಿಡಿದ ಹೊಸ್ತಿಲನ್ನು ಅದೇ ಅಳತೆಯ ಹೊಸ ತಗಡಿನಿಂದ ಕಟ್ಟಿದವನನ್ನೂ, ಮೈ ಕೊಯ್ದು ಬೇರೆ ಎಂಜಿನ್ ತುರುಕಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಫೋಟೋ ಸಹಿತವಾದ ರಿಪೇರಿ ಪುಸ್ತಕವನ್ನು ತಪಾಸಣೆಯ ಅಧಿಕಾರಿಗಳು ಸಾಕ್ಷ್ಯವೆಂದು ಒಪ್ಪಬೇಕು. ಒಪ್ಪದಿದ್ದರೆ ಜನ ಒಳ್ಳೆಯ ರಿಪೇರಿಯನ್ನೇ ಮುಚ್ಚಿಡಲು ಕಲಿಯುತ್ತಾರೆ.

ಮೂಲರೂಪವನ್ನು ಅಕ್ಷರಶಃ ಹಿಡಿದರೆ ಆಗುವ ಅಪಾಯವನ್ನು ನಮ್ಮ ಪೆಟ್ರೋಲು ಬಂಕುಗಳಲ್ಲಿಯೇ ಕಾಣಬಹುದು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದದ್ದು ನಮ್ಮ ಬೆಂಗಳೂರಿನಲ್ಲಿ. 2025ರ ಹೊತ್ತಿಗೆ ಅದು ದೇಶವೆಲ್ಲ ಹರಡಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಎಂಜಿಬಿಯಲ್ಲಿ, ಬಿ-ಸೀರೀಸ್ ವಂಶದ ರೂಢಿಯಂತೆ, ಪೆಟ್ರೋಲು ಒಳಹೋಗುವುದೂ ಹೊಗೆ ಹೊರಬರುವುದೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿ; ಜೋಡಿ ಕಾರ್ಬುರೇಟರುಗಳು ಕಾದ ಹೊಗೆಕೊಳವೆಗಳ ನೆತ್ತಿಯ ಮೇಲೆಯೇ ಕೂತಿವೆ. ಅಲ್ಲಿ ಪೆಟ್ರೋಲು ಜಿನುಗಿದರೆ ಬೀಳುವುದು ಬೆಂಕಿಯಂಥ ಕಬ್ಬಿಣದ ಮೇಲೆ. ಎಥನಾಲನ್ನು ತಡೆಯುವಂಥ, ಮೈಮೇಲೆ ದರ್ಜೆಯನ್ನು ಅಚ್ಚೊತ್ತಿದ ಹೊಸ ಹೋಸಿಗೆ ತಗಲುವ ಖರ್ಚು ಕೆಲವು ನೂರು ರೂಪಾಯಿ. ಈ ವರ್ಷದ ಹಳೆಯ ಕಾರುಗಳ ಮೆರವಣಿಗೆಗೆ ತಮ್ಮ ಗಾಡಿಯನ್ನು ಉಜ್ಜಿ ಹೊಳಪೇರಿಸುತ್ತಿರುವ ಮಹನೀಯರು ಮೊದಲು ಬಾನೆಟ್ ಎತ್ತಿ, ಆ ಹೋಸನ್ನು ಎರಡು ಬೆರಳಿನಲ್ಲಿ ಬಗ್ಗಿಸಿ ನೋಡಲಿ. ಬಿರುಕು ಕಂಡರೆ ಪಾಲಿಶಿನ ಬಟ್ಟೆಯನ್ನು ಪಕ್ಕಕ್ಕಿಟ್ಟು ಅಂಗಡಿಗೆ ಹೋಗಲಿ.